ಎರಡನೆಯ ಗಿಟಾರು

"ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಇದಾ?" ಎಂದು ಕೇಳಿ ಅವನು ಲೆನ್ಸು ಬದಲಿಸಿದ. ಕುರ್ಚಿಯಲ್ಲಿದ್ದ ಹೆಂಗಸು ಎದುರು ಗೋಡೆಯ ಅಕ್ಷರಗಳನ್ನು ದಿಟ್ಟಿಸಿ, "ಮೊದಲಿನದು... ಅಲ್ಲಲ್ಲ, ಇನ್ನೊಂದ್ಸಲ ತೋರಿಸಿ" ಎಂದಳು. ತೋರಿಸಿದ. ಅವನು ತೆಗೆದದ್ದೂ ಹಾಕಿದ್ದೂ ಒಂದೇ ಲೆನ್ಸು. ಕೊನೆಗೊಮ್ಮೆ ಹೀಗೆ ಮೋಸ ಮಾಡಿ ನೋಡುವುದು ಅವನ ಕೆಲಸದ ಪದ್ಧತಿ. "ಎರಡೂ ಒಂದೇ" ಎಂದವರ ಮಾತನ್ನು ನಂಬಬಹುದು, "ಇದು ಎಷ್ಟೋ ವಾಸಿ" ಎಂದವರನ್ನು ಮತ್ತೆ ಮೊದಲಿನಿಂದ ಕೇಳಬೇಕು. ಹೆಂಗಸು "ಇದು ಎಷ್ಟೋ ವಾಸಿ" ಎಂದಳು. ಬೇರೆ ದಿನವಾಗಿದ್ದರೆ ಅವನು ಒಳಗೊಳಗೇ ನಗುತ್ತಿದ್ದ. ಇವತ್ತು ಅವನ ಮನಸ್ಸು ಕನ್ನಡಕದಂಗಡಿಯ ಆ ಕತ್ತಲೆ ಕೋಣೆಯಲ್ಲೇ ಇರಲಿಲ್ಲ, ನಾಲ್ಕು ಬೀದಿ ಆಚೆ ಮೀಸೆಯ ಅಂಗಡಿಯಲ್ಲಿತ್ತು. ಮೀಸೆ ಎಂದರೆ ಹಳೆಯ ವಾದ್ಯಗಳನ್ನು ಕೊಂಡು ಮಾರುವವನು. ಊರಿನ ಗಿಟಾರಿನವರೆಲ್ಲ ಅವನ ನಿಜವಾದ ಹೆಸರನ್ನು ಎಂದೋ ಮರೆತಿದ್ದಾರೆ. ಬೆಳಗ್ಗೆ ಅವನ ಫೋನು ಬಂದಿತ್ತು. "ನೀವು ಹೇಳಿಟ್ಟಿದ್ದ ಆಂಪು ಬಂದಿದೆ. ಅದೇ ಕಂಪನಿ, ಅದೇ ಕಂದು ಬಟ್ಟೆ, ಒಂದರಲ್ಲೇ ಎರಡು ಗಿಟಾರು ಚುಚ್ಚೋದು. ಸಂಜೆವರೆಗೆ ಯಾರಿಗೂ ತೋರಿಸಲ್ಲ, ಆಮೇಲೆ ನನ್ನನ್ನ ಬೈಬೇಡಿ." ಫೋನು ಇಟ್ಟಮೇಲೆ ಅವನು ಮತ್ತೆ ಮತ್ತೆ ಗಡಿಯಾರ ನೋಡಿದ್ದ. ಮದುವೆಯ ಮಾತು ಮುಗಿದ ದಿನವೂ ಹಾಗೆ ನೋಡಿರಲಿಲ್ಲ. ಗಿಟಾರಿನ ದನಿಯನ್ನು ಹಿಗ್ಗಿಸುವ ಅಂಥ ಆಂಪಿನ ಪೆಟ್ಟಿಗೆಯನ್ನು ಅವನು ಕೊನೆಯ ಸಲ ನೋಡಿ ಇಪ್ಪತ್ತು ವರ್ಷಕ್ಕೆ ಮೇಲಾಗಿತ್ತು.

ಮನೆಯ ಚಿಕ್ಕ ಕೋಣೆಯಲ್ಲಿ ಆಗಲೇ ಏಳೋ ಎಂಟೋ ಗಿಟಾರುಗಳಿದ್ದವು. ಏಳೋ ಎಂಟೋ ಎನ್ನುವುದು ಹೆಂಡತಿಗೆ ಹೇಳುವ ಲೆಕ್ಕ. ಅವುಗಳಲ್ಲಿ ಮೂರನ್ನು ಬೇಕೆಂದೇ ಒಂದೇ ಕೆಂಪು ಬಣ್ಣದ್ದಾಗಿ ಆರಿಸಿದ್ದ; ಒಂದನ್ನು ಹೊರಗಿಟ್ಟು ಎರಡನ್ನು ಬೀರುವಿನ ಹಿಂದೆ ನಿಲ್ಲಿಸಿದರೆ ಕಂಡವರಿಗೆ ಇರುವುದು ಒಂದೇ. ಗಿಟಾರು ಹಿಡಿದ ಸಂಸಾರಸ್ಥರೆಲ್ಲ ಬಲ್ಲ ಉಪಾಯ ಇದು, ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಒಂದು ದಿನ ಹೆಂಡತಿ ಕಸ ಗುಡಿಸುತ್ತ, "ರೀ, ಈ ಗಿಟಾರಿಗೆ ಇಲ್ಲೊಂದು ಗೀರಿತ್ತಲ್ಲ, ಎಲ್ಲಿ ಹೋಯ್ತು?" ಎಂದು ಕೇಳಿದ್ದಳು. "ಒರೆಸಿದೆ" ಎಂದ. "ಒರೆಸಿದ್ರೆ ಗೀರು ಹೋಗುತ್ತಾ? ಹಾಗಾದ್ರೆ ನಮ್ಮ ಫ್ರಿಜ್ಜನ್ನೂ ಸ್ವಲ್ಪ ಒರೆಸಿಬಿಡಿ." ಅಷ್ಟೇ, ಜಗಳವಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವಂತೆ ಅವನು ಆಮೇಲೆ ವಾರವಿಡೀ ಅವಳು ಹೇಳುವ ಮೊದಲೇ ಎದ್ದು ಪಾತ್ರೆ ತೊಳೆದ. ಗಿಟಾರುಗಳಾದರೂ ಕಣ್ಣಿಗೆ ಕಾಣುತ್ತವೆ; ಕಾಲಲ್ಲಿ ಒತ್ತುವ ಪೆಡಲು ಪೆಟ್ಟಿಗೆಗಳು ಎಷ್ಟಿವೆಯೆಂದು ಅವನಿಗೂ ಗೊತ್ತಿಲ್ಲ. ಶಬ್ದವನ್ನು ಒಡೆಯುವುದೊಂದು, ತೊಳೆಯುವುದೊಂದು, ಬಾವಿಯೊಳಗಿಂದ ಕೂಗಿದಂತೆ ಮಾಡುವುದೊಂದು. ಒಬ್ಬ ನುಡಿಸಿದರೆ ಇಬ್ಬರು ನುಡಿಸಿದಂತೆ ಮಾಡುತ್ತೇವೆಂದು ಆಣೆಯಿಟ್ಟು ಹೇಳುವಂಥವೂ ಎರಡಿದ್ದವು. ಪ್ರತಿಯೊಂದು ಮನೆಗೆ ಬಂದ ಸಂಜೆ ಅವನು ಬಾಗಿಲು ಹಾಕಿಕೊಂಡು ಚುಚ್ಚಿ, ಒತ್ತಿ, ಕಣ್ಣು ಮುಚ್ಚಿ "ಇದೇ" ಎಂದುಕೊಳ್ಳುತ್ತಿದ್ದ. ವಾರ ಕಳೆಯುವಷ್ಟರಲ್ಲಿ "ಅಲ್ಲ, ಇದಲ್ಲ". ತಂತಿ ಬದಲಿಸಿದ, ವೈರು ಬದಲಿಸಿದ, ಕೊನೆಗೆ ಕೋಣೆಯ ಪರದೆಯನ್ನೂ ಬದಲಿಸಿದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹೆಂಡತಿ ಹಳೆಯ ಪರದೆಯನ್ನು ಮಡಿಸುತ್ತ ತನಗೆ ತಾನೇ ಹೇಳಿಕೊಂಡದ್ದು ಅವನಿಗೆ ಕೇಳಿಸಿತ್ತು. ಅವಳಿಗೆ ಹೇಗೆ ಹೇಳುವುದು? ಅವನಿಗೆ ಬೇಕಾದದ್ದು ಹೊಸ ಶಬ್ದವಾಗಿರಲಿಲ್ಲ. ಒಮ್ಮೆ ಕೇಳಿ ಕಳೆದುಕೊಂಡ ಶಬ್ದ ಬೇಕಾಗಿತ್ತು, ಅದಿಲ್ಲದೆ ಅವನಿಗೆ ತನ್ನ ಆಯುಷ್ಯದಲ್ಲೇ ಏನೋ ಖಾಲಿ ಬಿದ್ದಂತಿತ್ತು.

ಅದು ಒಂದು ಕ್ಯಾಸೆಟ್ಟಿನಲ್ಲಿತ್ತು, ಈಗ ಫೋನಿನಲ್ಲಿದೆ. ಅಕ್ಕನ ಮದುವೆಯಾದ ಹೊಸತರಲ್ಲಿ ಅವಳ ಮನೆಯ ಹಿಂದಿನ ಕೋಣೆಯಲ್ಲಿ, ಯಾರಿಂದಲೋ ಎರವಲು ತಂದ ಕಂದು ಬಟ್ಟೆಯ ಆಂಪಿಗೆ ಅವನೂ ಭಾವನೂ ತಮ್ಮ ತಮ್ಮ ಗಿಟಾರು ಚುಚ್ಚಿಕೊಂಡು ನುಡಿಸಿದ್ದು. ರಾಗ ದೊಡ್ಡದೇನಲ್ಲ, ಭಾವ ಸ್ನಾನದ ಮನೆಯಲ್ಲಿ ಗುನುಗುತ್ತಿದ್ದ ನಾಲ್ಕು ಸಾಲು. ಆದರೆ ಶಬ್ದ! ಹಗ್ಗದ ಮೇಲೆ ಒಣಹಾಕಿದ ತೆಳು ಬಟ್ಟೆ ಗಾಳಿಗೆ ಅಲುಗುವ ಹಾಗೆ ಅದು ಒಳಗೊಳಗೇ ಅಲುಗುತ್ತಿತ್ತು. ಪ್ರತಿ ಸ್ವರಕ್ಕೂ ಒಂದು ಅಂಚು, ಅಂಚಿಗೊಂದು ನಡುಕ. ಅದು ಆ ಆಂಪಿನ ಮಾಯೆ ಎಂಬುದರಲ್ಲಿ ಅವನಿಗೆ ಯಾವತ್ತೂ ಸಂಶಯ ಬಂದಿರಲಿಲ್ಲ. ಅವನಿಗೆ ಗಿಟಾರು ಹಿಡಿಯಲು ಕಲಿಸಿದ್ದೇ ಭಾವ, ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಿ ತಂತಿಯ ಮೇಲೆ ಕೂರಿಸಿ, "ಒತ್ತು. ನೋವಾಗುತ್ತೆ. ಆಗಲಿ" ಎಂದಿದ್ದರು. ಒಂದೇ ವರ್ಷದಲ್ಲಿ ಶಿಷ್ಯನ ಕೈ ಗುರುವಿನ ಕೈಯನ್ನು ಮೀರಿಸಿತು, ಶಿಷ್ಯನ ತಲೆ ಅದಕ್ಕಿಂತ ಬೇಗ ತಿರುಗಿತು. ರೇಡಿಯೋದವರಿಗೆ ಕಳಿಸಲೆಂದು ರೆಕಾರ್ಡು ಮಾಡುತ್ತಿದ್ದ ದಿನ, ಡ್ರಮ್ಮು ಬಾರಿಸುವ ಗೆಳೆಯನ ಎದುರು, ಅಕ್ಕನ ಎದುರು, ಅವನು ಅರ್ಧಕ್ಕೆ ನಿಲ್ಲಿಸಿ ಹೇಳಿದ್ದ: "ಭಾವ, ನಿಮ್ಮ ಕಿವಿಗೆ ಏನಾಗಿದೆ? ತಂತಿಯ ಶ್ರುತಿ ಇಳಿದಿದೆ. ಯಾವಾಗಲೂ ಇಳಿದೇ ಇರುತ್ತೆ. ನಿಮ್ಮಿಂದಲೇ ಎಲ್ಲ ಕೆಡೋದು." ಗೆಳೆಯ ನಕ್ಕ. ಅಕ್ಕನೂ, ಮದುವೆಯಾಗಿ ವರ್ಷವಷ್ಟೇ ಆಗಿದ್ದವಳು, ಬಾಯಿಗೆ ಸೆರಗು ಹಿಡಿದು ನಕ್ಕಳು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕು, "ನನ್ನದು ಕಲ್ಲು ಕಿವಿ ಕಣ್ರಪ್ಪಾ" ಎಂದು ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಎಲ್ಲರಿಗೂ ಕಾಫಿ ಮಾಡಲು ಒಳಗೆ ಹೋದರು. ಮತ್ತೆ ಅವನ ಜೊತೆ ನುಡಿಸಲು ಕೂರಲಿಲ್ಲ. ಒಮ್ಮೆ ಕೈ ನೋವು, ಒಮ್ಮೆ ಕೆಲಸ, ಆಮೇಲೆ ಕೇಳುವುದನ್ನು ಇವನೂ ಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಉಳಿದಿರುವುದು ಮನೆಗಳ ನಡುವೆ ಓಡಾಡುವ ತಿಂಡಿಯ ಡಬ್ಬಿ, ಆಸ್ಪತ್ರೆ ಸುದ್ದಿ, ವರ್ಷಕ್ಕೆರಡು ಊಟ.

"ಡಾಕ್ಟ್ರೇ, ನಮಗೂ ಸ್ವಲ್ಪ ಕಣ್ಣು ತೆರೆಸ್ತೀರಾ?"

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಭಾವ ನಿಂತಿದ್ದರು. ಅವನು ತಡಬಡಿಸಿ ಎದ್ದ, ನೆನೆಸಿಕೊಂಡದ್ದು ಅವರಿಗೆ ಗೊತ್ತಾಗಿಬಿಟ್ಟಿತೇನೋ ಎನ್ನುವ ಹಾಗೆ. ಅವನು ಡಾಕ್ಟರಲ್ಲ ಎಂಬುದು ಭಾವನಿಗೂ ಗೊತ್ತು, ಗಲ್ಲೆಯ ಮೇಲಿದ್ದ ಮಾಲೀಕನಿಗೂ ಗೊತ್ತು. ಮಾಲೀಕ ಹುಬ್ಬೇರಿಸಿ ಕಿಸಕ್ಕೆಂದ. ಇವನು ಕಿವಿ ಬಿಸಿಯಾಗಿ, "ಬನ್ನಿ ಭಾವ, ಒಳಗೆ ಬನ್ನಿ. ಅಕ್ಕ ಹೇಗಿದಾಳೆ?" ಎಂದ.

"ನಿಮ್ಮಕ್ಕನೇ ಕಳಿಸಿದ್ದು. ಪೇಪರು ದೂರ ಹಿಡಿದೂ ಹಿಡಿದೂ ಕೈ ಸಾಲ್ತಾ ಇಲ್ಲ ಅಂದೆ. ಕೈ ಉದ್ದ ಮಾಡೋಕಾಗಲ್ಲ, ನನ್ನ ತಮ್ಮನ ಹತ್ರ ಹೋಗಿ ಅಂದಳು."

ಕತ್ತಲೆ ಕೋಣೆಯಲ್ಲಿ ಅವನು ಭಾವನ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮು ಕೂರಿಸಿದ. ಇಷ್ಟು ಹತ್ತಿರದಿಂದ ಆ ಮುಖವನ್ನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಹುಬ್ಬು ಬೆಳ್ಳಗಾಗಿತ್ತು. ಅವರ ಲಿಫ್ಟು ರಿಪೇರಿ ಕೆಲಸದ ಗ್ರೀಸಿನ ವಾಸನೆ, ಅದರ ಮೇಲೆ ತೊಳೆದ ಸೋಪಿನ ವಾಸನೆ. ಹೀಗೆ ಬಗ್ಗಿ ಇನ್ನೊಬ್ಬರ ಉಸಿರು ತಾಗುವಷ್ಟು ಹತ್ತಿರ ಹೋಗುವುದು ದಿನಾ ಮಾಡುವ ಕೆಲಸವೇ, ಆದರೂ ಇವತ್ತು ಅವನ ಉಸಿರೇ ತಪ್ಪುತ್ತಿತ್ತು. ಇದಾ, ಇದಾ ಎಂದು ಕೇಳುತ್ತ ಹೋದ. ಕೊನೆಗೆ ಪದ್ಧತಿಯಂತೆ ಒಂದೇ ಲೆನ್ಸನ್ನು ತೆಗೆದು ಹಾಕಿ, "ಇದಾ, ಇಲ್ಲಾ ಮೊದಲಿನದಾ?" ಎಂದ. "ಎರಡೂ ಒಂದೇ ಅಲ್ವೇನೋ. ಯಾರಿಗೆ ಟೋಪಿ ಹಾಕ್ತಾ ಇದೀಯ?" ಎಂದರು ಭಾವ. ದೀಪ ಹಾಕಿ, ಸಣ್ಣಕ್ಷರದ ಕಾರ್ಡನ್ನು ಅವರ ಕೈಗೆ ಕೊಟ್ಟ. ಎಡಗೈಯಲ್ಲಿ ಹಿಡಿದು ಅವರು ಗಟ್ಟಿಯಾಗಿ ಓದತೊಡಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಅವರ ಎಡಗೈಯ ನಾಲ್ಕು ಬೆರಳುಗಳ ತುದಿಯಲ್ಲಿ ಚರ್ಮ ಹಳದಿಗಟ್ಟಿ ಜಡ್ಡಾಗಿತ್ತು, ಪ್ರತಿ ಜಡ್ಡಿನ ಮೇಲೂ ಅಡ್ಡಲಾಗಿ ಒಂದು ಸಣ್ಣ ಗೆರೆ.

"ಕೈ ಒರಟಾಗಿದೆ ಭಾವ" ಎಂದ, ಏನಾದರೂ ಅನ್ನಬೇಕೆಂದು.

ಭಾವ ಬೆರಳು ಮಡಿಸಿಕೊಂಡರು. "ಲಿಫ್ಟಿನ ಕೆಲಸ ಅಲ್ವಾ" ಎಂದರು. ಲಿಫ್ಟಿನ ಕೆಲಸಕ್ಕೆ ಅಂಗೈ ಒರಟಾಗಬೇಕು, ಎರಡೂ ಅಂಗೈ. ಬಲಗೈಯ ಬೆರಳ ತುದಿಗಳು ನುಣ್ಣಗಿದ್ದವು. ಗಿಟಾರು ಬಲ್ಲವರಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ; ಹಾಗೆ ಜಡ್ಡುಗಟ್ಟಬೇಕಾದರೆ ಒಂದು ವಾರವೂ ಬಿಡದೆ ನುಡಿಸಬೇಕು. ಭಾವ ನುಡಿಸುತ್ತಿದ್ದಾರೆ. ತನಗೆ ಹೇಳದೆ, ತನ್ನನ್ನು ಬಿಟ್ಟು. ತಪ್ಪು ತನ್ನದೇ ಎಂದು ಗೊತ್ತಿದ್ದೂ ಅವನಿಗೆ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಅವರು ಹೋದಮೇಲೆ ಮೇಜಿನ ದೀಪದಡಿಯಲ್ಲಿ ತನ್ನ ಎಡಗೈಯನ್ನು ಹಿಡಿದು ನೋಡಿಕೊಂಡ. ಬೆರಳ ತುದಿಗಳು ಮೆತ್ತಗೆ, ಗುಲಾಬಿಯಾಗಿ, ಗುಮಾಸ್ತನ ಬೆರಳುಗಳ ಹಾಗಿದ್ದವು. ಗುಂಡಿ ತಿರುಗಿಸುವುದರಲ್ಲಿ, ಡಬ್ಬಿ ಬಿಚ್ಚುವುದರಲ್ಲಿ, ಯಾರು ಏನು ಮಾರುತ್ತಿದ್ದಾರೆಂದು ಫೋನಿನಲ್ಲಿ ನೋಡುವುದರಲ್ಲಿ ಸಂಜೆಗಳು ಕಳೆದಿದ್ದವು. ತಾನು ನುಡಿಸಿದ್ದು ಯಾವಾಗ?

ಆದರೂ ಸಂಜೆ ಕಾಲುಗಳು ಮೀಸೆಯ ಅಂಗಡಿಗೇ ಹೋದವು. ಹಳೆ ಚಾಳಿ ಕಾಲಿನಲ್ಲಿರುತ್ತದೆ, ತಲೆಯಲ್ಲಲ್ಲ. ಆಂಪು ಪರೀಕ್ಷಿಸಲೆಂದು ಬೆಳಗ್ಗೆಯೇ ತಂದು ಲೆನ್ಸಿನ ಗೋದಾಮಿನಲ್ಲಿ ಅಡಗಿಸಿಟ್ಟಿದ್ದ ಕೆಂಪು ಗಿಟಾರನ್ನು ಬೆನ್ನಿಗೇರಿಸಿಕೊಂಡಿದ್ದ. ಮೀಸೆ ಹೊದಿಕೆ ಸರಿಸಿದ. ಅದೇ ಕಂದು ಬಟ್ಟೆ, ಅದೇ ದಂತದ ಬಣ್ಣದ ಗುಂಡಿಗಳು. ವೈರು ಚುಚ್ಚುವ ಎರಡು ತೂತುಗಳನ್ನು ಅವನು ಬೆರಳಿನಿಂದ ಸವರಿ ನೋಡಿದ. ಮೊದಲನೆಯದಕ್ಕೆ ಚುಚ್ಚಿ, ಶ್ರುತಿ ಮಾಡಿ, ಭಾವನ ನಾಲ್ಕು ಸಾಲನ್ನು ನುಡಿಸಿದ. ಶಬ್ದ ಸ್ವಚ್ಛವಾಗಿತ್ತು, ಗಟ್ಟಿಯಾಗಿತ್ತು, ಒಣಗಿತ್ತು. ಗುಂಡಿಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸಿದ. ಮತ್ತೆ ನುಡಿಸಿದ. ಅಲ್ಲ, ಇದಲ್ಲ. ಇಷ್ಟು ವರ್ಷ "ಆ ಆಂಪು ಒಂದು ಸಿಕ್ಕಿಬಿಟ್ಟರೆ" ಎಂದು ಬದುಕಿದ್ದವನಿಗೆ ಈಗ ಅದೇ ಆಂಪು ಸಿಕ್ಕು, ಕೈಯಲ್ಲಿ ಏನೂ ಉಳಿಯಲಿಲ್ಲ. ಇನ್ನು ಮೇಲೆ ಯಾವುದಕ್ಕೆ ಕಾಯುವುದು ಎಂಬುದೂ ತಿಳಿಯದೆ ಅವನು ಅದೇ ನಾಲ್ಕು ಸಾಲನ್ನು ಮಂಕಾಗಿ ತಿರುತಿರುಗಿ ನುಡಿಸುತ್ತ ಕೂತ. ಗಿರಾಕಿಯ ಮುಖ ಸಪ್ಪಗಾದದ್ದು ನೋಡಿ ಮೀಸೆ, ವ್ಯಾಪಾರ ಕೈ ತಪ್ಪೀತೆಂದು, ಗೋಡೆಗೆ ತೂಗುಹಾಕಿದ್ದ ಗಿಟಾರೊಂದನ್ನು ಕಿತ್ತುಕೊಂಡು ಎರಡನೆಯ ತೂತಿಗೆ ಚುಚ್ಚಿ, "ಜೊತೆಗೆ ಬಾರಿಸೋಣ, ಆಗ ಗೊತ್ತಾಗುತ್ತೆ ಅದರ ತಾಕತ್ತು" ಎಂದು ಅವನ ರಾಗಕ್ಕೆ ತನ್ನದನ್ನು ಕೂಡಿಸಿದ.

ಅಂಗಡಿ ಅಲುಗಿತು. ಅದೇ ನಡುಕ, ಅದೇ ಅಂಚು, ಅಕ್ಕನ ಮನೆಯ ಹಿಂದಿನ ಕೋಣೆ. ಅವನ ಕಣ್ಣು ತುಂಬಿಬಂತು.

"ಅಯ್ಯೋ, ತಡೀರಿ ತಡೀರಿ" ಎಂದು ಮೀಸೆ ಕೈ ನಿಲ್ಲಿಸಿದ. "ಇದರ ಶ್ರುತಿ ಇಳಿದಿದೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಗೋಡೆಯವು ಯಾವಾಗಲೂ ಹೀಗೇ. ಒಂದು ನಿಮಿಷ, ಸರಿ ಮಾಡ್ತೀನಿ."

"ಬೇಡ! ಸರಿ ಮಾಡಬೇಡಿ. ಹಾಗೇ ನುಡಿಸಿ, ದಮ್ಮಯ್ಯ."

ಮೀಸೆ ಅವನನ್ನು ವಿಚಿತ್ರವಾಗಿ ನೋಡಿ ಮತ್ತೆ ನುಡಿಸಿದ. ಸಂಶಯಕ್ಕೆ ಎಡೆಯಿರಲಿಲ್ಲ. ಆ ಶಬ್ದ ಆಂಪಿನದಲ್ಲ, ಮರದ್ದಲ್ಲ, ತಂತಿಯದ್ದಲ್ಲ. ಅಂದು ಭಾವನ ಗಿಟಾರು ಅವನದಕ್ಕಿಂತ ಕೂದಲೆಳೆಯಷ್ಟು ಇಳಿದಿತ್ತು. ಎರಡು ಸ್ವರಗಳು ಒಂದಾಗಲಾರದೆ, ಬೇರೆಯೂ ಆಗಲಾರದೆ ಒಂದಕ್ಕೊಂದು ಉಜ್ಜಿಕೊಂಡು ಅಲುಗುತ್ತಿದ್ದವು, ಅಷ್ಟೇ. ಯಾವುದನ್ನು ಎಲ್ಲರೆದುರು ತಪ್ಪೆಂದು ಹೀಯಾಳಿಸಿದ್ದನೋ ಅದನ್ನೇ ಇಷ್ಟು ವರ್ಷ ಪೆಟ್ಟಿಗೆ ಪೆಟ್ಟಿಗೆಯಾಗಿ ಕೊಂಡು ತಂದು ಬೀರುವಿನ ಹಿಂದೆ ಬಚ್ಚಿಟ್ಟಿದ್ದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಇವನು ಬೆಣ್ಣೆಯನ್ನು ಚೆಲ್ಲಿ ಅಲೆದವನು. "ಪ್ಯಾಕ್ ಮಾಡ್ಲಾ?" ಎಂದು ಮೀಸೆ ಕೇಳಿದ. "ಬೇಡ." "ನಾಳೆ ಇರಲ್ಲ, ಈಗಲೇ ಹೇಳಿಬಿಟ್ಟೆ." "ಇರದಿದ್ರೆ ಬೇಡ" ಎಂದು ಅವನು ಗಿಟಾರು ಹೊತ್ತು ಹೊರಟ. ಆ ಅಂಗಡಿಯಿಂದ ಹೊರಬರುವಾಗ ತಿರುಗಿ ನೋಡದೇ ಹೋದದ್ದು ಅದೇ ಮೊದಲು.

ಅಕ್ಕನ ಮನೆಯ ಕಡೆಯ ಬಸ್ಸಿನಲ್ಲಿ ನಿಂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದ. ಭಾವ, ಕ್ಷಮಿಸಿ. ಅದು ನಾಟಕದ ಮಾತಾಯಿತು. ಭಾವ, ಸುಮ್ಮನೆ ಬಂದೆ. ಅದು ಸುಳ್ಳಾಯಿತು. ಪಕ್ಕದವನ ಮೊಣಕೈಗೆ ಗಿಟಾರಿನ ಚೀಲ ತಾಗಿ, "ಇದನ್ನ ಮನೇಲಿಟ್ಟು ಬರಬಾರದಾ?" ಎಂದು ಅವನು ಸಿಡುಕಿದ. ಇವನಿಗೆ ಅದೂ ನ್ಯಾಯವೇ ಅನ್ನಿಸಿತು. ಭಾವ ಒಪ್ಪಿದರೆ ಸಾಕು, ಒಂದೇ ಒಂದು ಸಲ ಆ ನಾಲ್ಕು ಸಾಲು ಜೊತೆಯಲ್ಲಿ ನುಡಿಸಿದರೆ ಸಾಕು, ಮನೆಯಲ್ಲಿರುವ ಪೆಟ್ಟಿಗೆಗಳನ್ನೆಲ್ಲ ಯಾರಿಗೆ ಬೇಕಾದರೂ ಕೊಟ್ಟುಬಿಡುತ್ತೇನೆ ಎಂದುಕೊಂಡ. ಇಷ್ಟು ತೀವ್ರವಾಗಿ ಅವನು ಯಾವ ವಸ್ತುವನ್ನೂ ಬಯಸಿರಲಿಲ್ಲ.

ಅಕ್ಕ ಬಾಗಿಲು ತೆರೆದು, ಅವನನ್ನೂ ಬೆನ್ನಿನ ಹೊರೆಯನ್ನೂ ನೋಡಿ, "ಏನೋ ಇದು, ಹೇಳದೆ ಕೇಳದೆ?" ಎಂದಳು. ಒಳಗಿನಿಂದ ಗಿಟಾರು ಕೇಳುತ್ತಿತ್ತು. ಅವಳು ದನಿ ತಗ್ಗಿಸಿದಳು. "ದಿನಾ ನುಡಿಸ್ತಾರೆ ಕಣೋ, ಕೆಲಸದಿಂದ ಬಂದು ಕೈ ತೊಳೆದ ತಕ್ಷಣ. ಯಾರಿಗೂ ಹೇಳಬೇಡ ಅಂದಿದ್ರು. ನಿನಗಂತೂ ಹೇಳಲೇಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು." ಹಿಂದಿನ ಕೋಣೆಯಲ್ಲಿ ಅದೇ ಹಳೆಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಭಾವ ಕೂತಿದ್ದರು. ಅವನನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಕ್ಕರು. ಅವನು ಚೀಲದಿಂದ ಗಿಟಾರು ಹೊರತೆಗೆದ. "ಭಾವ, ಒಂದ್ಸಲ ಜೊತೆಗೆ ನುಡಿಸೋಣ್ವಾ?" ಎಂದಷ್ಟೇ ಕೇಳಿದ.

 ಭಾವ ಕಾಲಿನಿಂದ ಸ್ಟೂಲನ್ನು ಅವನತ್ತ ನೂಕಿ, ಜೇಬಿನಿಂದ ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ತೆಗೆದರು. ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದರೆ ಒಂದೇ ಸ್ವರವನ್ನು ಹೇಳುವ ಕಡ್ಡಿ. ಬಡಿದರು, ಕೇಳಿದರು, ತಂತಿ ಮೀಟಿದರು. ತಿದ್ದುವುದಕ್ಕೆ ಏನೂ ಇರಲಿಲ್ಲ. ಕಡ್ಡಿಯನ್ನು ಅವನ ಕಿವಿಗೂ ಹಿಡಿದರು, ಅವನು ತನ್ನದನ್ನು ಅದಕ್ಕೆ ಸರಿಮಾಡಿಕೊಂಡ. ಇಬ್ಬರೂ ಒಟ್ಟಿಗೆ ನುಡಿಸಿದರು. ನಾಲ್ಕು ಸಾಲು ನುಣ್ಣಗೆ, ನೇರವಾಗಿ, ಇಸ್ತ್ರಿ ಮಾಡಿದ ಹಾಗೆ ಹೊರಬಂದವು. ನಡುಕವಿಲ್ಲ, ಅಂಚಿಲ್ಲ. ಇನ್ನೊಂದು ಸಲ ನುಡಿಸಿದರು. ಭಾವನ ಬೆರಳು ಒಂದು ಕಡೆಯೂ ತಪ್ಪಲಿಲ್ಲ, ಇವನದೇ ಎರಡು ಸಲ ಎಡವಿತು. ಬೆವರು ಒರೆಸುವ ನೆಪದಲ್ಲಿ ಅವನು ಕೈಯನ್ನು ಗಿಟಾರಿನ ತಲೆಗೆ ಒಯ್ದು, ತಂತಿ ಬಿಗಿಸುವ ಬಿರಡೆಗಳನ್ನು ಒಂದೊಂದಾಗಿ, ಕಾಣದಷ್ಟು ಸಡಿಲಿಸಿದ. ಮತ್ತೆ ಶುರುಮಾಡಿ ಎರಡನೆಯ ಸ್ವರಕ್ಕೆ ಬರುವಷ್ಟರಲ್ಲಿ ಭಾವ ನುಡಿಸುವುದನ್ನು ನಿಲ್ಲಿಸಿ, ಕೈ ಚಾಚಿ, ಅವನ ಬಿರಡೆಗಳನ್ನು ತಾವೇ ಬಿಗಿಸಿದರು. ಈ ಸಲ ಕಡ್ಡಿಯೂ ಬೇಕಾಗಲಿಲ್ಲ. "ಸ್ವಲ್ಪ ಇಳಿದಿತ್ತು" ಎಂದರು. ದನಿಯಲ್ಲಿ ಅಣಕವಿರಲಿಲ್ಲ.

"ಇಳಿದೇ ಇರಲಿ ಭಾವ" ಎಂದ ಅವನು. ಒಮ್ಮೆ ಬಾಯಿ ಬಿಟ್ಟಮೇಲೆ ತಡೆಯಲಾಗಲಿಲ್ಲ. "ಆಗ ನಿಮ್ಮದು ಇಳಿದಿರ್ತಿತ್ತಲ್ಲ, ಅದೇ ಚೆನ್ನಾಗಿತ್ತು. ನನಗೆ ಗೊತ್ತಾಗಲಿಲ್ಲ. ಎಲ್ಲರೆದುರಿಗೆ ನಿಮಗೆ ಹಾಗಂದೆ. ಆಮೇಲೆ ಇಷ್ಟು ವರ್ಷ ಅದನ್ನೇ ಅಂಗಡಿ ಅಂಗಡೀಲಿ ಹುಡುಕಿದೀನಿ. ಒಂದೇ ಒಂದ್ಸಲ, ಆಗಿನ ಹಾಗೆ ನುಡಿಸಿ ಭಾವ."

ಭಾವ ತಂತಿಗಳ ಮೇಲೆ ಅಂಗೈ ಇಟ್ಟರು. ಅಡುಗೆಮನೆಯಲ್ಲಿ ಅಕ್ಕ ಏನನ್ನೋ ತೊಳೆಯುತ್ತಿದ್ದ ಸದ್ದು ನಿಂತಿತ್ತು, ಅವಳೂ ಕೇಳಿಸಿಕೊಳ್ಳುತ್ತಿದ್ದಳು.

"ಬರಲ್ಲ ಕಣೋ" ಎಂದರು ಭಾವ. "ನೀನು ಹೇಳಿದ್ದು ಸುಳ್ಳಾಗಿದ್ರೆ ನಾನೂ ನಕ್ಕು ಮರೀತಿದ್ದೆ. ನಿಜ ಇತ್ತು, ಅದಕ್ಕೇ ನೋವಾಗಿದ್ದು. ಸರಿ ಆದಮೇಲೆ ನಿನ್ನನ್ನ ಕರೆದು ಕೇಳಿಸೋಣ ಅಂತ ಈ ಕಡ್ಡಿ ತಂದೆ. ದಿನಾ ಕಿವಿಗೆ ಹಿಡ್ಕೊಂಡು ಕೂತೆ. ಕರೆಯೋಕೆ ಧೈರ್ಯ ಬರಲಿಲ್ಲ. ಆಗ ನನಗೆ ಕೇಳಿಸ್ತಿರಲಿಲ್ಲ, ಹಾಗಾಗಿ ಹಾಗೆ ನುಡಿಸ್ತಿದ್ದೆ. ಈಗ ಕೇಳಿಸುತ್ತೆ. ಕೇಳಿಸಿದ ಮೇಲೆ ಬೇಕೂಂತ ಹೇಗೆ ತಪ್ಪಲಿ, ಹೇಳು?" ಆಮೇಲೆ ಹೊಸದೊಂದನ್ನು ತಂದು ತೋರಿಸುವವರ ಸಂಕೋಚದಲ್ಲಿ ಕೇಳಿದರು: "ಈಗ ಚೆನ್ನಾಗಿಲ್ವಾ?"

"ಚೆನ್ನಾಗಿದೆ ಭಾವ" ಎಂದ ಅವನು. "ತುಂಬ ಚೆನ್ನಾಗಿದೆ."

ಭಾವನ ಮುಖ ಅರಳಿತು. "ಹಾಗಾದ್ರೆ ಹಿಡಿ, ಇನ್ನೊಂದ್ಸಲ" ಎಂದರು. ಅವನು ಕಣ್ಣು ಮುಚ್ಚಿಕೊಂಡು ನುಡಿಸತೊಡಗಿದ. ಮೆತ್ತಗಾಗಿದ್ದ ಬೆರಳ ತುದಿಗಳು ಉರಿಯುತ್ತಿದ್ದವು. ಎರಡೂ ಗಿಟಾರುಗಳು ಎಷ್ಟು ಸರಿಯಾಗಿ ಕೂಡಿದ್ದವೆಂದರೆ ಒಂದು ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದು ಹೇಳುವಂತಿರಲಿಲ್ಲ. ಒಬ್ಬನೇ ಕೂತು ನುಡಿಸುತ್ತಿರುವಂತಿತ್ತು. ಅವನು ಕಿವಿಗೊಟ್ಟು ಹುಡುಕಿದ, ಮತ್ತೆ ಹುಡುಕಿದ. ಪಕ್ಕದಲ್ಲಿ ಭಾವ ಇದ್ದಾರೆಂದು ಗೊತ್ತುಮಾಡಿಕೊಳ್ಳಲು ಅವನು ಕಣ್ಣು ತೆರೆದು ನೋಡಬೇಕಾಯಿತು.